ಆತ್ಮಹತ್ಯೆ ಅಪಾಯದ ಪ್ರಶ್ನಾವಳಿ ಕನ್ನಡದಲ್ಲಿ: ಧಾರವಾಡ, ಗದಗ, ಹಾವೇರಿ ಕಡೆ ಪರೀಕ್ಷಿಸುವುದು ಹೇಗೆ?

ಸಪ್ತಾಪುರ_ಸಂಶೋಧಕಿ

ಎಲ್ಲರಿಗೂ ನಮಸ್ಕಾರ. ಆತ್ಮಹತ್ಯೆಯ ಅಪಾಯ ಅಳೆಯುವ ಎಸ್‌ಬಿಕ್ಯೂ-ಆರ್ ಎಂಬ ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, 18 ದಾಟಿದವರಲ್ಲಿ ಅದು ಸರಿಯಾಗಿ ಅಳೆಯುತ್ತದೆಯೇ ಎಂದು ನೋಡುವ ಯೋಜನೆ ಬರೆಯುತ್ತಿದ್ದೇನೆ. ಅದರಲ್ಲಿರುವುದು ನಾಲ್ಕೇ ಪ್ರಶ್ನೆ. ಈವರೆಗೆ ಎಂದಾದರೂ ಸಾಯುವ ಯೋಚನೆ, ಯೋಜನೆ ಅಥವಾ ಪ್ರಯತ್ನ ಆಗಿತ್ತೇ. ಕಳೆದ ಒಂದು ವರ್ಷದಲ್ಲಿ ಆ ಯೋಚನೆ ಎಷ್ಟು ಸಲ ಬಂತು. ಹಾಗೆ ಮಾಡಿಕೊಳ್ಳುತ್ತೇನೆ ಎಂದು ಯಾರ ಮುಂದಾದರೂ ಹೇಳಿದ್ದುಂಟೇ. ಮುಂದೆ ಎಂದಾದರೂ ಪ್ರಯತ್ನಿಸುವ ಸಾಧ್ಯತೆ ಎಷ್ಟು. ಒಟ್ಟು ಅಂಕ 3ರಿಂದ 18. 2001ರ ಅಧ್ಯಯನದಲ್ಲಿ ರೋಗಿಗಳಲ್ಲದವರಿಗೆ 7, ಮನೋವೈದ್ಯಕೀಯ ವಾರ್ಡಿನಲ್ಲಿರುವ ವಯಸ್ಕರಿಗೆ 8 ಎಂದು ಕಟ್‌ಆಫ್ ಇಟ್ಟಿದ್ದಾರೆ, ಅಂದರೆ ಅಷ್ಟು ಅಂಕ ಮುಟ್ಟಿದವರನ್ನು ಅಪಾಯದಲ್ಲಿರುವವರೆಂದು ಎಣಿಸುತ್ತಾರೆ.

ಈಗಿನ ಕರಡು ಹೀಗಿದೆ: ಇಬ್ಬರಿಂದ ಅನುವಾದ, ಒಬ್ಬರಿಂದ ಮರಳಿ ಇಂಗ್ಲಿಷಿಗೆ, ಧಾರವಾಡದ ಕಾಲೇಜುಗಳ 200 ವಿದ್ಯಾರ್ಥಿಗಳಿಗೆ ಗೂಗಲ್ ಫಾರ್ಮ್, ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಕ್ರಾನ್‌ಬಾಕ್ ಆಲ್ಫಾ, ಎರಡು ವಾರ ಬಿಟ್ಟು ಮರುಪರೀಕ್ಷೆ. ಆಮೇಲೆ ಗದಗ, ಹಾವೇರಿ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳ ಬಳಕೆಗೆ ಕೊಡುವ ಉದ್ದೇಶ. ಎಲ್ಲೆಲ್ಲಿ ಮುಗ್ಗರಿಸುತ್ತದೆ, ದಯವಿಟ್ಟು ಬಿಡಿಸಿ ಹೇಳಿ.

ಗದಗ_ಮನೋವೈದ್ಯ

ಮೊದಲು ಗೂಗಲ್ ಫಾರ್ಮ್ ಕೈಬಿಡಿ ಮೇಡಂ. ನಾಲ್ಕನೆಯ ಪ್ರಶ್ನೆಗೆ ಏಳು ಉತ್ತರಗಳಿವೆ, 0ಯಿಂದ 6ರವರೆಗೆ. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗ 6ನ್ನು ಒತ್ತಿ ಕಳಿಸಿದ ಎನ್ನಿ. ಹೆಸರಿಲ್ಲ, ಫೋನಿಲ್ಲ, ನೀವು ಶೀಟ್ ತೆರೆಯುವುದು ಮರುವಾರ. ಈ ವಿಷಯ ಕೇಳುವವರು ಉತ್ತರ ಬರುವ ಹೊತ್ತಿಗೆ ಎದುರಿಗೇ ಇರಬೇಕು. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಸಂಶೋಧನೆ ಅದನ್ನು ಬೆಂಬಲಿಸುವುದಿಲ್ಲ. ಕೇಳಿ ಸುಮ್ಮನಾಗುವುದು ಮಾತ್ರ ಅಪಾಯ.

ಎರಡನೆಯದು, ಈ ಪ್ರಶ್ನಾವಳಿಯ ಒಳಗೇ ಒಂದು ತೂತಿದೆ. ಒಂದನೆಯ ಪ್ರಶ್ನೆ ಇಡೀ ಜೀವಮಾನದ್ದು, ಎರಡನೆಯದು ಒಂದು ವರ್ಷದ್ದು. ಇವತ್ತು ಹೇಗಿದ್ದೀರಿ ಎಂದು ಯಾವುದೂ ಕೇಳುವುದಿಲ್ಲ. ಲೆಕ್ಕ ಹಾಕಿ ನೋಡಿ. ಇಪ್ಪತ್ತು ವರ್ಷದ ಹಿಂದೆ ಪ್ರಯತ್ನಿಸಿ, ಹಾಗೆ ಮಾಡಿಕೊಳ್ಳುತ್ತೇನೆ ಎಂದು ಆಗ ಒಂದಕ್ಕಿಂತ ಹೆಚ್ಚು ಸಲ ಹೇಳಿ, ಈಗ ನೆಮ್ಮದಿಯಾಗಿರುವವರಿಗೆ 4+1+3+0, ಅಂದರೆ 8. ಕಟ್‌ಆಫ್ ದಾಟಿತು. ಈ ವಾರವಷ್ಟೇ ಮೊದಲ ಸಲ ಯೋಚನೆ ಬಂದು, ಯಾರಿಗೂ ಹೇಳದೆ, ನಾಲ್ಕನೆಯದಕ್ಕೆ ‘ಎಂದಿಗೂ ಇಲ್ಲ’ ಎಂದವರಿಗೆ 2+2+1+0, ಅಂದರೆ 5. ದಾಟಲಿಲ್ಲ. ಹಾಗಾಗಿ ಅಂಕಕ್ಕೆ ಸೇರಿಸದ ಒಂದು ಸುರಕ್ಷಾ ಪ್ರಶ್ನೆಯನ್ನು ಕೊನೆಗೆ ಪ್ರತ್ಯೇಕವಾಗಿ ಇಡಿ: ಇವತ್ತು ಅಥವಾ ಈ ವಾರ ಅಂಥ ಯೋಚನೆ ಇದೆಯೇ, ಹೇಗೆ ಎಂದು ಯೋಚಿಸಿದ್ದೀರಾ. ಅದಕ್ಕೆ ‘ಹೌದು’ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ವೈದ್ಯರು ಅದೇ ದಿನ ನೋಡಬೇಕು.

ಮೂರನೆಯದು, ಅಂಕವನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಯೋಜನೆಯ ಮೊದಲ ಪುಟದಲ್ಲೇ ಬರೆಯಿರಿ. ಮುಂದೆ ಯಾರು ಸಾಯುತ್ತಾರೆ ಎಂದು ಹೇಳುವ ಶಕ್ತಿ ಯಾವ ಪ್ರಶ್ನಾವಳಿಗೂ ಇಲ್ಲ. 50 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ ಮುನ್ಸೂಚನೆ ಕಾಕತಾಳೀಯಕ್ಕಿಂತ ಸ್ವಲ್ಪವೇ ಮೇಲಿತ್ತು. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ, ಮುಂದಿನ ಆತ್ಮಹತ್ಯೆಯನ್ನು ಊಹಿಸಲು ಇಂಥ ಮಾಪಕಗಳನ್ನು ಬಳಸಲೇಬೇಡಿ ಎನ್ನುತ್ತದೆ. ಈಗ ಯಾರ ಜತೆ ಕೂತು ಮಾತಾಡಬೇಕು ಎಂದು ತೋರಿಸಲು ಬಳಸಿ. ಕಡಿಮೆ ಅಂಕ ಬಂತೆಂದು ಯಾರನ್ನೂ ಮನೆಗೆ ಕಳಿಸಲು ಬಳಸಬೇಡಿ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ.

ಮಾಳಮಡ್ಡಿ_ಅಂಕಿಸಂಖ್ಯೆ

ಡಾಕ್ಟರ್ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅನುವಾದ ಮತ್ತು ಸ್ಯಾಂಪಲ್ ಬಗ್ಗೆ ನಾನು ಹೇಳುತ್ತೇನೆ.

ಅನುವಾದ ಶುರು ಮಾಡುವ ಮುಂಚೆ ಮೂಲ ಲೇಖಕರ ಲಿಖಿತ ಅನುಮತಿ ಪಡೆಯಿರಿ. ಕನ್ನಡ ರೂಪ ಈಗಾಗಲೇ ಯಾರಾದರೂ ಮಾಡಿದ್ದಾರೆಯೇ ಎಂದು ಅದೇ ಪತ್ರದಲ್ಲಿ ಕೇಳಿ. ಖಿನ್ನತೆ, ಹತಾಶೆ ಅಳೆಯುವ ಬೆಕ್ ಮಾಪಕಗಳನ್ನು ಜತೆಗೆ ಬಳಸುವುದಾದರೆ ಅವು ಪಿಯರ್ಸನ್ ಕಂಪನಿಯವು, ಪರವಾನಗಿಗೆ ಹಣ ಕೊಡಬೇಕಾಗುತ್ತದೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರ ಕನ್ನಡ ರೂಪ ಉಚಿತವಾಗಿ ಸಿಗುತ್ತದೆ.

ಮರು ಅನುವಾದಕ್ಕೆ ಒಬ್ಬರು ಸಾಲದು, ಇಬ್ಬರು ಬೇಕು. ಅವರು ಮೂಲ ಇಂಗ್ಲಿಷ್ ಪ್ರಶ್ನಾವಳಿಯನ್ನು ನೋಡಿರಬಾರದು, ಮನಶ್ಶಾಸ್ತ್ರದವರೂ ಆಗಿರಬಾರದು. ಮನಶ್ಶಾಸ್ತ್ರದವರು ಕನ್ನಡ ವಾಕ್ಯ ತಪ್ಪಿದ್ದರೂ ಒಳಗಿನ ಅರ್ಥ ಊಹಿಸಿ ಸರಿಯಾದ ಇಂಗ್ಲಿಷ್ ಬರೆದುಬಿಡುತ್ತಾರೆ. ಆಗ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಮುಂದಕ್ಕೆ ಅನುವಾದಿಸುವ ಇಬ್ಬರಲ್ಲಿ ಒಬ್ಬರಿಗೆ ವಿಷಯ ಗೊತ್ತಿರಲಿ, ಇನ್ನೊಬ್ಬರಿಗೆ ಗೊತ್ತಿಲ್ಲದಿರಲಿ. ಒಬ್ಬರು ಮೈಸೂರು ಕಡೆಯವರಾದರೆ ಇನ್ನೊಬ್ಬರು ನಮ್ಮ ಕಡೆಯವರಾಗಿರಲೇಬೇಕು. ನಂತರ ಸಮಿತಿ: 6ರಿಂದ 10 ಜನ. ಪ್ರತಿ ಪ್ರಶ್ನೆ ವಿಷಯಕ್ಕೆ ಎಷ್ಟು ಹೊಂದುತ್ತದೆ ಎಂದು 1ರಿಂದ 4ರವರೆಗೆ ಅಂಕ ಕೊಡಲಿ. 3 ಅಥವಾ 4 ಕೊಟ್ಟವರ ಪಾಲು 0.78ಕ್ಕಿಂತ ಕಡಿಮೆಯಾದರೆ ಆ ಪ್ರಶ್ನೆಯನ್ನು ಮತ್ತೆ ಬರೆಯಬೇಕು. ಸಮಿತಿಯಲ್ಲಿ ಬರೀ ಪ್ರೊಫೆಸರುಗಳು ಬೇಡ, ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಆಪ್ತಸಮಾಲೋಚಕರು ಇರಲಿ.

ಇನ್ನು ಸ್ಯಾಂಪಲ್. ಸಪ್ತಾಪುರದ ಕೋಚಿಂಗ್ ಹುಡುಗರ ಮೇಲೆ ಪರೀಕ್ಷಿಸಿದ ಪ್ರಶ್ನಾವಳಿ ನರಗುಂದದ 55 ವರ್ಷದ ರೈತನಿಗೆ ಹೊಂದುತ್ತದೆ ಎನ್ನಲು ಆಧಾರವಿಲ್ಲ. ವಯಸ್ಸು, ಓದು, ಕೇಳುವ ರೀತಿ ಎಲ್ಲವೂ ಬೇರೆ. ಸಿಂಧುತ್ವ, ಅಂದರೆ ಅಳೆಯಬೇಕಾದ್ದನ್ನೇ ಅಳೆಯುವುದು, ಪ್ರಶ್ನಾವಳಿಗೆ ಅಂಟಿಕೊಂಡ ಗುಣವಲ್ಲ. ಯಾವ ಜನರಲ್ಲಿ, ಯಾವ ರೀತಿಯಲ್ಲಿ, ಯಾವ ಉದ್ದೇಶಕ್ಕೆ ಎಂದು ಸೇರಿಸಿಯೇ ಅದನ್ನು ಹೇಳಬೇಕು. ಎಲ್ಲಿ ಬಳಸುತ್ತೀರೋ ಅಲ್ಲಿಯೇ ಪರೀಕ್ಷಿಸಿ.

ರಾಣೆಬೆನ್ನೂರು_ಸಮಾಜಕಾರ್ಯ

ಮೇಡಂ, ಸಮಿತಿ ಒಪ್ಪಿದ ಮ್ಯಾಲೆ ಸೀದಾ 200 ಮಂದಿಗೆ ಹೋಗಬ್ಯಾಡ್ರಿ. ನಡುವ ಒಂದು ಹಂತ ಐತಿ, ಕಾಗ್ನಿಟಿವ್ ಇಂಟರ್‌ವ್ಯೂ. ಒಂದೊಂದು ಸುತ್ತಿಗೆ 6ರಿಂದ 8 ಮಂದಿ ಸಾಕು. ಪ್ರಶ್ನೆ ಓದ್ರಿ, ಉತ್ತರ ತಗೊಳ್ರಿ, ಆಮ್ಯಾಲೆ ಕೇಳ್ರಿ: ‘ಈಗ ನಾ ಏನ್ ಕೇಳಿದೆ ಅಂತ ನಿಮ್ಮ ಮಾತಿನ್ಯಾಗ ಹೇಳ್ರಿ’, ‘ಎರಡು ಸಲ ಅಂದ್ರಲ್ಲ, ಯಾವ್ಯಾವಾಗ ಅಂತ ನೆನಪಿಗೆ ಬಂತು?’ ಹೊಸಾ ತೊಡಕು ಬರೂದು ನಿಂತ ಮ್ಯಾಲೆ ಸುತ್ತು ನಿಲ್ಲಸ್ರಿ. ಈ ಸುತ್ತಿಗೆ ತೀರಾ ಸಂಕಟದಾಗ ಇರೋರನ್ನ ಕರೀಬ್ಯಾಡ್ರಿ. ಚೇತರಿಸಿಕೊಂಡೋರು, ಸಾದಾ ಓಪಿಡಿಗೆ ಬರೋರು ಆಗ್ತದ.

ಇಲ್ಲಿ ಏನೇನು ಎಡವತದ ಅಂದ್ರ: ವಯಸ್ಸಾದೋರು ‘ದೇವರು ಕರಕೊಂಡ್ರ ಸಾಕಾಗೈತಿ’ ಅಂತಾರ. ಅದು ಒಂದೊಂದ್ಸಲ ಬರೇ ಮಾತು, ಒಂದೊಂದ್ಸಲ ಖರೇನ ಜೀವ ಬ್ಯಾಸರಾಗಿರ್ತೈತಿ. ಒಂದನೇ ಪ್ರಶ್ನೆದಾಗ ‘ಸಾಯೋ ಯೋಚನೆ’ ಅಂತಷ್ಟ ಬರದ್ರ ಇಂಥವೆಲ್ಲಾ ‘ಹೌದು’ಗೆ ಬಂದು ಬೀಳ್ತಾವು. ‘ನಾನಾಗೇ ನನ್ನ ಜೀವ ಕಳಕೊಳ್ಳಬೇಕು’ ಅನ್ನೂದು ಎದ್ದು ಕಾಣಬೇಕು. ಹಂಗಂತ ಸಾವು ಬಯಸೋರನ್ನ ಲೆಕ್ಕದಿಂದ ಬಿಡಬ್ಯಾಡ್ರಿ, ಅದನ್ನ ಬ್ಯಾರೆ ಕಲಂನ್ಯಾಗ ಬರಕೊಳ್ರಿ, ಯಾಕಂದ್ರ ಅವರೂ ಸಂಕಟದಾಗ ಇರಬಹುದು.

‘ಕಳೆದ ಒಂದು ವರ್ಷ’ ಅಂದ್ರ ಹಳ್ಳಿ ಮಂದಿಗೆ ಜನವರಿ ಡಿಸೆಂಬರ್ ಅಲ್ಲ. ‘ಹೋದ ಪಂಚಮಿಯಿಂದ ಈಚೆಗೆ’, ‘ಹೋದ ಯುಗಾದಿಯಿಂದ ಈಚೆಗೆ’ ಅಂತ ಕೇಳಿದ್ರ ನೆನಪು ಕೂಡತೈತಿ. ಸಂದರ್ಶನ ಮಾಡೋ ತಿಂಗಳಿಗೆ ತಕ್ಕ ಯಾವ ಹಬ್ಬ ಹಿಡೀಬೇಕು ಅಂತ ಮೊದಲ ಒಂದು ಪಟ್ಟಿ ಬರದು ಎಲ್ಲಾರಿಗೂ ಒಂದ ನಮೂನಿ ಕೊಡ್ರಿ. ಒಬ್ಬ ಸಂದರ್ಶಕ ಪಂಚಮಿ ಹಿಡದು, ಇನ್ನೊಬ್ಬ ದೀಪಾವಳಿ ಹಿಡದ್ರ ಅಳತಿ ಕೆಡತೈತಿ.

ಮನಿಯೊಳಗ ಕೇಳಬ್ಯಾಡ್ರಿ. ಸೊಸಿ ಮುಂದ ಅತ್ತಿ, ಮಾವನ ಮುಂದ ಮಗ, ಬಾಗಲದಾಗ ಯಾರರ ನಿಂತ ಇರ್ತಾರ. ಆರೋಗ್ಯ ಕೇಂದ್ರದಾಗ ಬಾಗಲಾ ಹಾಕೋ ಒಂದು ಖೋಲಿ ಸಿಕ್ರ ಅಲ್ಲೇ ಮಾಡ್ರಿ. ಹೆಣ್ಮಕ್ಕಳಿಗೆ ಹೆಣ್ಮಕ್ಕಳ ಕೇಳ್ಲಿ. ಸಂದರ್ಶಕರು ಅದೇ ಊರಿನವರು ಆಗಬಾರದು.

ಸಪ್ತಾಪುರ_ಸಂಶೋಧಕಿ

ತುಂಬಾ ಉಪಕಾರವಾಯಿತು. ಇನ್ನೆರಡು ಸಂಶಯ. ಓದು ಬಾರದವರಿಗೆ ಏಳು ಹಂತದ ಉತ್ತರ ಹೇಗೆ ಕೇಳುವುದು? ಲಂಬಾಣಿ ತಾಂಡಾಗಳಲ್ಲಿ, ಹಳೇಹುಬ್ಬಳ್ಳಿಯಲ್ಲಿ ಮನೆಮಾತು ಕನ್ನಡವಲ್ಲದವರನ್ನು ಸೇರಿಸಬೇಕೇ?

ನರಗುಂದ_ಸಿಸ್ಟರ್

ಮೇಡಂ, ಏಳು ಉತ್ತರ ಒಂದೇ ಉಸಿರಿಗೆ ಓದಿದರೆ ಕೊನೆಯದೊಂದೇ ನೆನಪಿರುತ್ತದೆ. ಎರಡು ಮೆಟ್ಟಿಲು ಮಾಡಿ. ಮೊದಲು ‘ಆಗಬಹುದು ಅನಸ್ತದೋ, ಆಗಂಗಿಲ್ಲ ಅನಸ್ತದೋ’. ಅದಾದ ಮೇಲೆ ‘ಸ್ವಲ್ಪೋ, ಬಹಳೋ’. ಐವತ್ತು ದಾಟಿದವರಿಗೆ ನಾಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ ಎಂದು ಕೇಳಿದರೆ ತಟ್ಟನೆ ಹೇಳುತ್ತಾರೆ. ಇಪ್ಪತ್ತರ ಹುಡುಗರಿಗೆ ಅದು ತಿಳಿಯುವುದಿಲ್ಲ. ಆದ್ದರಿಂದ ಎಲ್ಲರಿಗೂ ತೋರಿಸಬಹುದಾದ ಚಿತ್ರದ ಕಾರ್ಡು ಒಂದೇ ಇರಲಿ: ಖಾಲಿ ಗ್ಲಾಸಿನಿಂದ ತುಂಬಿದ ಗ್ಲಾಸಿನವರೆಗೆ. ನಗುಮುಖ ಅಳುಮುಖದ ಚಿತ್ರ ಬೇಡ. ಅದನ್ನು ನೋಡಿದವರು ಸಾಧ್ಯತೆ ಬಿಟ್ಟು ತಮ್ಮ ದುಃಖಕ್ಕೆ ಉತ್ತರ ಕೊಡುತ್ತಾರೆ.

‘ಇಲ್ಲ’ ಎಂಬ ಉತ್ತರದ ಬಗ್ಗೆಯೂ ಎಚ್ಚರ. ಪ್ರಶ್ನೆಯಲ್ಲಿಯೇ ‘ಇಲ್ಲ’ ಇದ್ದರೆ, ಅಂದರೆ ‘ನಿಮಗೆ ಬದುಕೋ ಆಸೆ ಇಲ್ಲೇನ್ರಿ’ ಎಂದರೆ, ‘ಇಲ್ರಿ’ ಎಂದವರು ಆಸೆ ಇಲ್ಲ ಎಂದರೋ, ನಿಮ್ಮ ಮಾತು ಸುಳ್ಳು ಎಂದರೋ ತಿಳಿಯುವುದೇ ಇಲ್ಲ. ಇಡೀ ಪ್ರಶ್ನಾವಳಿಯಲ್ಲಿ ನಕಾರದ ಪ್ರಶ್ನೆ ಒಂದೂ ಇರಬಾರದು.

ಓಪಿಡಿಯಲ್ಲಿ ಸಮಯ ಮುಖ್ಯ. ಮಧ್ಯಾಹ್ನ ಆದರೆ ಹಳ್ಳಿಯ ಬಸ್ಸಿನ ಚಿಂತೆ ಹತ್ತಿ ಎಲ್ಲದಕ್ಕೂ ‘ಇಲ್ಲ’ ಎಂದು ಎದ್ದುಬಿಡುತ್ತಾರೆ. ಚೀಟಿ ಮಾಡಿಸಿ ಕಾಯುವ ಹೊತ್ತಿನಲ್ಲಿ, ಹನ್ನೊಂದರ ಒಳಗೆ ಮುಗಿಸಿ. ಇನ್ನೂ ಒಂದು ಕಾರಣವಿದೆ: ಯಾರಿಗಾದರೂ ಅಪಾಯ ಕಂಡರೆ ಡಾಕ್ಟರ್ ಕುಳಿತಿರುವಾಗಲೇ ಕಾಣಬೇಕು. ಶನಿವಾರ ಮಧ್ಯಾಹ್ನ, ಹಬ್ಬದ ಮುನ್ನಾದಿನ ಸಂದರ್ಶನ ಇಡಲೇಬೇಡಿ.

ಮಾಳಮಡ್ಡಿ_ಅಂಕಿಸಂಖ್ಯೆ

ಸಿಸ್ಟರ್ ಹೇಳಿದ ‘ಇಲ್ಲ’ದ ತೊಡಕು ಅಂಕಿಸಂಖ್ಯೆಯಲ್ಲೂ ಮುಖ ತೋರಿಸುತ್ತದೆ. ನಾನು ಇತರರಿಗೆ ಹೊರೆ, ನನಗೆ ಯಾರೂ ಇಲ್ಲ ಎಂಬ ಭಾವನೆ ಅಳೆಯುವ ಐಎನ್‌ಕ್ಯೂ-15ನ್ನು ಜತೆಗೆ ಬಳಸುವವರು ಗಮನಿಸಿ. ಅದರಲ್ಲಿ 6 ಪ್ರಶ್ನೆಗಳ ಅಂಕವನ್ನು ತಿರುಗಿಸಿ ಲೆಕ್ಕ ಹಾಕಬೇಕು. ಆ ಪ್ರಶ್ನೆಗಳು ತಾವೇ ಒಂದು ಗುಂಪಾಗಿ ಬಂದುಬಿಡಬಹುದು. ಅದನ್ನು ಹೊಸ ಮಾನಸಿಕ ಅಂಶ ಎಂದು ಬರೆಯಬೇಡಿ, ಅದು ವಾಕ್ಯರಚನೆಯ ಪರಿಣಾಮ.

ಮನೆಮಾತಿನ ವಿಚಾರ: ಲಂಬಾಣಿ, ಉರ್ದು, ಮರಾಠಿ ಮನೆಮಾತಿನವರನ್ನು ಸೇರಿಸಿ, ಆದರೆ ದಾಖಲಿಸಿಕೊಳ್ಳಿ. ಕನ್ನಡ ತಿಳಿಯುತ್ತದೆಯೇ ಎಂದು ನೋಡಲು ಎರಡು ಸಾದಾ ವಾಕ್ಯ ಓದಿ ಅರ್ಥ ಕೇಳಿ. ಸಂದರ್ಶಕ ನಿಂತಲ್ಲೇ ಬಾಯಿಯಿಂದ ಉರ್ದುವಿಗೆ ತಿರುಗಿಸಿ ಕೇಳಿದರೆ ಆ ಫಾರ್ಮ್ ಲೆಕ್ಕಕ್ಕೆ ಬಾರದು. ಆ ವ್ಯಕ್ತಿಯ ಆರೈಕೆ ಮಾತ್ರ ಲೆಕ್ಕಕ್ಕೆ ಬರಲೇಬೇಕು.

ಇನ್ನು ಲೆಕ್ಕಾಚಾರ. ನಾಲ್ಕೂ ಪ್ರಶ್ನೆ ಒಂದೇ ಅಂಶವನ್ನು ಅಳೆಯುತ್ತವೆ ಎಂಬ ಮಾದರಿಯನ್ನು ಪರೀಕ್ಷಿಸಲು ಉಳಿಯುವ ಅವಕಾಶ, ಅಂದರೆ ಡಿಗ್ರೀಸ್ ಆಫ್ ಫ್ರೀಡಂ, ಬರೀ 2. ಅಷ್ಟು ಕಡಿಮೆ ಇರುವಾಗ ಮಾದರಿ ಸರಿಯಿದ್ದರೂ, ಅದು ಉತ್ತರಗಳಿಗೆ ಎಷ್ಟು ಹೊಂದುತ್ತಿಲ್ಲ ಎಂದು ತೋರಿಸುವ ಆರ್‌ಎಂಎಸ್‌ಇಎ ವಿಪರೀತ ಏರಬಹುದು. 0.06 ದಾಟಿತು ಎಂದು ಪ್ರಶ್ನೆ ಕಿತ್ತುಹಾಕಬೇಡಿ. ಹೊಂದಿಕೆಯ ಬೇರೆ ಸೂಚ್ಯಂಕಗಳಾದ ಸಿಎಫ್‌ಐ, ಎಸ್‌ಆರ್‌ಎಂಆರ್, ಪ್ರತಿ ಪ್ರಶ್ನೆಗೂ ಆ ಅಂಶಕ್ಕೂ ಇರುವ ನಂಟು ತೋರಿಸುವ ಲೋಡಿಂಗ್‌ಗಳನ್ನು ಒಟ್ಟಿಗೆ ನೋಡಿ. ಉತ್ತರಗಳು ಮೆಟ್ಟಿಲಿನಂಥವು, ಬಹುಪಾಲು ಜನ ಕೆಳಗಿನ ಮೆಟ್ಟಿಲಲ್ಲೇ ಇರುತ್ತಾರೆ. ಹಾಗಾಗಿ ಸಾಮಾನ್ಯ ಪಿಯರ್ಸನ್ ಕೋರಿಲೇಶನ್ ಬದಲು ಮೆಟ್ಟಿಲಿನ ಉತ್ತರಗಳಿಗೆ ಹೊಂದುವ ಪಾಲಿಕೋರಿಕ್ ಕೋರಿಲೇಶನ್, ಅಂದಾಜಿಗೆ ಡಬ್ಲ್ಯೂಎಲ್‌ಎಸ್‌ಎಂವಿ ವಿಧಾನ ಬಳಸಿ. ಯಾವುದಾದರೂ ಉತ್ತರವನ್ನು ಇಬ್ಬರೋ ಮೂವರೋ ಆರಿಸಿದ್ದರೆ ಪಕ್ಕದ ಮೆಟ್ಟಿಲಿಗೆ ಸೇರಿಸದೆ ಲೆಕ್ಕ ನಿಲ್ಲುವುದಿಲ್ಲ, ಸೇರಿಸಿದ್ದನ್ನು ವರದಿಯಲ್ಲಿ ಬರೆಯಿರಿ. ನಾಲ್ಕು ಪ್ರಶ್ನೆಗಳ ಅಂಕದ ವ್ಯಾಪ್ತಿ ಬೇರೆ ಬೇರೆ: 1–4, 1–5, 1–3, 0–6. ಆಲ್ಫಾ ಒಂದನ್ನೇ ಕೊಟ್ಟರೆ ಅರ್ಥವಿಲ್ಲ, ಅದೇ ಹೊಂದಾಣಿಕೆಯನ್ನು ಅಳೆಯುವ ಒಮೆಗಾ ಸೇರಿಸಿ. ಗಂಡು ಹೆಣ್ಣು, ಹಳ್ಳಿ ಪಟ್ಟಣ ಎಂದು ಹೋಲಿಸುವ ಮುಂಚೆ ಎರಡೂ ಗುಂಪಿನಲ್ಲಿ ಪ್ರಶ್ನೆ ಒಂದೇ ರೀತಿ ನಡೆಯುತ್ತದೆಯೇ ಎಂದು ಪರೀಕ್ಷಿಸಬೇಕು.

ಪಿಎಚ್‌ಕ್ಯೂ-9ರ ಜತೆ ಸಂಬಂಧ ತೋರಿಸುವಾಗ ಅದರ 9ನೇ ಪ್ರಶ್ನೆಯನ್ನು ಬಿಟ್ಟು ಉಳಿದ 8ರ ಮೊತ್ತ ಬಳಸಿ. 9ನೆಯದೂ ಸಾಯುವ ಯೋಚನೆಯದೇ. ಅದನ್ನು ಉಳಿಸಿಕೊಂಡರೆ ಒಂದೇ ವಿಷಯವನ್ನು ಎರಡು ಕಡೆ ಇಟ್ಟು ಸಂಬಂಧವಿದೆ ಎಂದಂತಾಗುತ್ತದೆ.

ಗದಗ_ಮನೋವೈದ್ಯ

ಎಷ್ಟು ಜನ ಬೇಕು ಎನ್ನುವುದನ್ನೂ ಬಿಡಿಸಿ ಹೇಳಿ ಸರ್. 200 ಎಂಬ ಅಂಕಿ ಎಲ್ಲ ಪ್ರಬಂಧಗಳಲ್ಲೂ ಕಣ್ಣು ಮುಚ್ಚಿ ಬರುತ್ತಿದೆ.

ಮಾಳಮಡ್ಡಿ_ಅಂಕಿಸಂಖ್ಯೆ

ಮೇಲೆ ಹೇಳಿದ ಒಂದೇ ಅಂಶದ ಪರೀಕ್ಷೆಗೆ, ಅಂದರೆ ಫ್ಯಾಕ್ಟರ್ ಅನಾಲಿಸಿಸ್‌ಗೆ, 200 ಸಾಕಾಗಬಹುದು, ಕಟ್‌ಆಫ್‌ಗೆ ಸಾಲದು. 1996ರ ಬುಡರರ್ ಸೂತ್ರದ ಪ್ರಕಾರ, ಸೆನ್ಸಿಟಿವಿಟಿ, ಅಂದರೆ ನಿಜವಾಗಿ ಅಪಾಯವಿರುವವರಲ್ಲಿ ಪ್ರಶ್ನಾವಳಿ ಹಿಡಿಯುವವರ ಪಾಲು, 0.85 ಇರಬಹುದೆಂದು ಹಿಡಿದು, ಎರಡೂ ಬದಿಗೆ 0.07 ವ್ಯತ್ಯಾಸ ಒಪ್ಪಿದರೆ, 3.84 × 0.85 × 0.15 ÷ 0.0049. ಹೆಚ್ಚುಕಡಿಮೆ 100. ಇದು ಒಟ್ಟು ಜನರ ಸಂಖ್ಯೆಯಲ್ಲ. ವೈದ್ಯರ ಸಂದರ್ಶನದಲ್ಲಿ ಅಪಾಯವಿದೆ ಎಂದು ಖಚಿತವಾದವರೇ 100 ಬೇಕು. ನಿಮ್ಮ ಓಪಿಡಿಯಲ್ಲಿ ಅಂಥವರು ನಾಲ್ಕರಲ್ಲಿ ಒಬ್ಬರಿದ್ದರೆ ಒಟ್ಟು 400, ಹತ್ತರಲ್ಲಿ ಒಬ್ಬರಿದ್ದರೆ 1000.

ಆ ವೈದ್ಯರ ಸಂದರ್ಶನ ಎಂಐಎನ್‌ಐ ತರಹ ಮೊದಲೇ ಗೊತ್ತುಮಾಡಿದ ಪ್ರಶ್ನೆಗಳ ರಚನೆಯುಳ್ಳದ್ದಾಗಿರಲಿ, ಅದೇ ದಿನ ಆಗಲಿ, ಪ್ರಶ್ನಾವಳಿಯ ಅಂಕ ಅವರಿಗೆ ಗೊತ್ತಿಲ್ಲದಿರಲಿ. ಇದಕ್ಕೂ ಸುರಕ್ಷಾ ಪ್ರಶ್ನೆಗೂ ಗೊಂದಲವಾಗದಂತೆ ನೋಡಿ: ಸುರಕ್ಷಾ ಪ್ರಶ್ನೆಗೆ ‘ಹೌದು’ ಬಂದಾಗ ಆರೈಕೆಯ ವೈದ್ಯರಿಗೆ ತಕ್ಷಣ ತಿಳಿಸಬೇಕು, ಅಧ್ಯಯನದ ಮೌಲ್ಯಮಾಪಕರು ಬೇರೆಯವರಾಗಿರಬೇಕು. ಒಬ್ಬರೇ ಮನೋವೈದ್ಯರಿರುವ ಕಡೆ ಇಬ್ಬರನ್ನು ಹೊಂದಿಸಲಾಗದಿದ್ದರೆ ಕುರುಡು ಮೌಲ್ಯಮಾಪನವನ್ನೇ ಬಿಟ್ಟುಬಿಡಿ, ಆರೈಕೆಯನ್ನು ಬಿಡಬೇಡಿ.

ಎಲ್ಲರನ್ನೂ ಸಂದರ್ಶಿಸಲು ಆಗದಿದ್ದರೆ ಹೆಚ್ಚು ಅಂಕ ಬಂದ ಎಲ್ಲರನ್ನೂ, ಕಡಿಮೆ ಬಂದವರಲ್ಲಿ ಚೀಟಿ ಎತ್ತಿ ಐವರಿಗೆ ಒಬ್ಬರನ್ನೂ ಕಳಿಸಿ, ಲೆಕ್ಕದಲ್ಲಿ ಆ ಒಬ್ಬರಿಗೆ 5ರ ತೂಕ ಕೊಡಿ. ಹೆಚ್ಚು ಬಂದವರನ್ನಷ್ಟೇ ಕಳಿಸಿದರೆ ತಪ್ಪಿಸಿಕೊಂಡವರು ಎಷ್ಟು ಎಂದು ಗೊತ್ತಾಗುವುದೇ ಇಲ್ಲ, ಸೆನ್ಸಿಟಿವಿಟಿ ಸುಳ್ಳೇ ಎತ್ತರಕ್ಕೆ ಹೋಗುತ್ತದೆ. ವಾರ್ಡಿನಲ್ಲಿ ದಾಖಲಾದವರನ್ನೂ ಆರೋಗ್ಯವಂತ ವಿದ್ಯಾರ್ಥಿಗಳನ್ನೂ ಎದುರುಬದುರು ಇಟ್ಟು 0.95 ಎಯುಸಿ (ಎರಡು ಗುಂಪನ್ನು ಬೇರ್ಪಡಿಸುವ ಶಕ್ತಿಯ ಅಳತೆ, 1 ಎಂದರೆ ಪರಿಪೂರ್ಣ) ತೋರಿಸುವುದೂ ಇದೇ ಜಾತಿಯ ದೋಷ. ಓಪಿಡಿಗೆ ಬರುವುದು ನಡುವಿನವರು.

ಸಪ್ತಾಪುರ_ಸಂಶೋಧಕಿ

ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ (ಅಪಾಯವಿಲ್ಲದವರನ್ನು ಇಲ್ಲವೆಂದೇ ಗುರುತಿಸುವ ಪಾಲು) ಎರಡೂ 80 ಪ್ರತಿಶತ ಬಂದರೆ ಬಳಕೆಗೆ ಸಾಕೇ?

ಮಾಳಮಡ್ಡಿ_ಅಂಕಿಸಂಖ್ಯೆ

ಎಲ್ಲಿ ಎನ್ನುವುದರ ಮೇಲೆ ಹೋಗುತ್ತದೆ. 1000 ಜನರಲ್ಲಿ 50 ಜನರಿಗೆ ನಿಜವಾಗಿ ಅಪಾಯವಿದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಪ್ರಶ್ನಾವಳಿ 40 ಜನರನ್ನು ಹಿಡಿಯುತ್ತದೆ, 10 ಜನ ತಪ್ಪಿಸಿಕೊಳ್ಳುತ್ತಾರೆ. ಉಳಿದ 950ರಲ್ಲಿ 190 ಜನರಿಗೆ ಸುಮ್ಮನೆ ಗಂಟೆ ಬಾರಿಸುತ್ತದೆ. ಒಟ್ಟು 230 ಜನ, ಅದರಲ್ಲಿ ನಿಜವಾದವರು 40, ಅಂದರೆ 17 ಪ್ರತಿಶತ. ಆ 230 ಜನರ ಜತೆಗೂ ಕೂತು ಮಾತಾಡುವವರು ತಾಲ್ಲೂಕಿನಲ್ಲಿ ಇದ್ದಾರೆಯೇ? ಇಲ್ಲವಾದರೆ ಕಟ್‌ಆಫ್ ಎತ್ತುವ ಆಸೆ ಬರುತ್ತದೆ, ಎತ್ತಿದಷ್ಟೂ ತಪ್ಪಿಸಿಕೊಳ್ಳುವವರು ಹೆಚ್ಚುತ್ತಾರೆ. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡನ್ನೂ ಕೂಡಿಸಿ ಕಂಪ್ಯೂಟರ್ ಕೊಟ್ಟ ಯೂಡನ್ ಸೂಚ್ಯಂಕದ ಮೇಲಷ್ಟೇ ಕಟ್‌ಆಫ್ ನಿರ್ಧಾರ ಆಗಬಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ಜತೆ ಕೂತು ನಿರ್ಧರಿಸಿ. 7, 8 ಎರಡರಲ್ಲೂ ಬಂದ ಫಲಿತಾಂಶವನ್ನು 95 ಪ್ರತಿಶತ ವಿಶ್ವಾಸಾಂತರದ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿಯ) ಸಮೇತ ಪ್ರಕಟಿಸಿ.

ರಾಣೆಬೆನ್ನೂರು_ಸಮಾಜಕಾರ್ಯ

ಸರ್, ಅದಕ್ಕ ನನ್ನ ಅನುಮಾನ. 17 ಪ್ರತಿಶತ ಅಂದ್ರ ಇಷ್ಟೆಲ್ಲಾ ಮಾಡಿ ಏನ್ ಸಿಕ್ತು? ತರಬೇತಿ ಇದ್ದೋರು ಎರಡು ಮಾತು ಮನಸಿಟ್ಟು ಕೇಳಿದ್ರ ಸಾಕಲ್ಲ?

ನರಗುಂದ_ಸಿಸ್ಟರ್

ಅಣ್ಣಾರ, ಮನಸಿಟ್ಟು ಕೇಳುವವರು ಕೇಳುತ್ತಾರೆ. ಕೇಳಲು ಅಂಜುವವರೇ ಬಹಳ. ಕಾಗದದ ಮೇಲೆ ಪ್ರಶ್ನೆ ಇದ್ದರೆ ಹೊಸದಾಗಿ ಬಂದ ಸ್ಟಾಫ್ ಕೂಡ ಬಾಯಿಬಿಟ್ಟು ಕೇಳುತ್ತಾರೆ, ಎಲ್ಲರಿಗೂ ಒಂದೇ ರೀತಿ ಕೇಳುತ್ತಾರೆ. ಆ 190 ಜನರೂ ಸುಮ್ಮನೆ ಬಂದವರಲ್ಲ, ಅವರಲ್ಲಿ ಬಹಳಷ್ಟು ಮಂದಿಗೆ ಬೇರೆ ಸಂಕಟ ಇದ್ದೇ ಇರುತ್ತದೆ.

ವಿದ್ಯಾನಗರ_ಎಥಿಕ್ಸ್

ಸಮಿತಿಯ ಮುಂದೆ ಬರುವ ಮುಂಚೆ ಇವಿಷ್ಟು ಬರೆದು ತನ್ನಿ. ಒಪ್ಪಿಗೆ ಪತ್ರದಲ್ಲಿ ‘ಮಾಹಿತಿ ಪೂರ್ತಿ ಗುಪ್ತ’ ಎಂದು ಬರೆಯಬೇಡಿ, ಅದು ನಿಜವಲ್ಲ. ‘ನಿಮ್ಮ ಜೀವಕ್ಕೆ ಈಗಲೇ ಅಪಾಯವಿದೆ ಎನಿಸಿದರೆ ವೈದ್ಯರಿಗೆ, ಅಗತ್ಯವಿದ್ದರೆ ನೀವು ಹೇಳಿದ ಒಬ್ಬರಿಗೆ ತಿಳಿಸುತ್ತೇವೆ’ ಎಂದು ಮೊದಲೇ ಹೇಳಿ. ಆ ಒಬ್ಬರ ಹೆಸರನ್ನು ಪ್ರಶ್ನೆ ಶುರುವಾಗುವ ಮುಂಚೆಯೇ ಕೇಳಿ. ಗಂಡನ ಹೆಸರನ್ನೇ ಬರೆಯಬೇಕೆಂದೇನೂ ಇಲ್ಲ, ತವರಿನವರಿರಬಹುದು, ಗೆಳತಿ ಇರಬಹುದು.

ಹಿಂದೆ ಪ್ರಯತ್ನಿಸಿದ್ದನ್ನು ಜನ ಪೊಲೀಸ್ ಭಯಕ್ಕೆ ಮುಚ್ಚಿಡುತ್ತಾರೆ. ಸಂದರ್ಶಕರಿಗೆ ಕಾನೂನು ಗೊತ್ತಿರಲಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಬೇರೆ ರೀತಿ ಸಾಬೀತಾಗದ ಹೊರತು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎನ್ನುತ್ತದೆ, ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲಿಡುತ್ತದೆ. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ. ಸರ್ಕಾರಿ ನೌಕರರನ್ನು ಒತ್ತಾಯಿಸಲು ಅಥವಾ ತಡೆಯಲು ಆತ್ಮಹತ್ಯೆಗೆ ಪ್ರಯತ್ನಿಸುವುದನ್ನು ಮಾತ್ರ 226ನೇ ಕಲಂನಲ್ಲಿ ಇಟ್ಟಿದ್ದಾರೆ.

ಅಪಾಯ ಕಂಡಾಗಿನ ಕ್ರಮ ಒಂದೇ ಪುಟದಲ್ಲಿರಲಿ. ವ್ಯಕ್ತಿಯನ್ನು ಒಬ್ಬರೇ ಬಿಡಬಾರದು. ಉಳಿದ ಪ್ರಶ್ನೆ ನಿಲ್ಲಿಸಬೇಕು. ಯಾವ ವೈದ್ಯರಿಗೆ ಫೋನ್, ಅವರು ಎತ್ತದಿದ್ದರೆ ಎರಡನೆಯವರು ಯಾರು, ಆಸ್ಪತ್ರೆಗೆ ಒಯ್ಯುವ ವಾಹನ ಯಾವುದು, ಖರ್ಚು ಯಾರದು ಎಲ್ಲ ಬರೆದಿರಬೇಕು. ಮನೆಗೆ ಹೋಗುವವರ ಜತೆ ಕೂತು ಸುರಕ್ಷಾ ಯೋಜನೆ ಬರೆಯಬೇಕು. ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಅದನ್ನು ಯಾರ ವಶಕ್ಕೆ, ಎಲ್ಲಿಗೆ ಸಾಗಿಸುತ್ತೀರಿ ಎನ್ನುವುದೂ ಅದರಲ್ಲಿರಲಿ. ಟೆಲಿ-ಮಾನಸ್ 14416 ಸಂಖ್ಯೆಯ ಚೀಟಿಯನ್ನು ಅಂಕ ನೋಡದೆ ಎಲ್ಲರಿಗೂ ಕೊಡಿ. ಕನ್ನಡದಲ್ಲಿ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಆದರೆ ಚೀಟಿ ಕೊಟ್ಟರೆ ನಿಮ್ಮ ಹೊಣೆ ಮುಗಿಯುವುದಿಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಕಾಡುತ್ತಿದ್ದರೆ ನೀವೂ ಆ ಸಂಖ್ಯೆಗೆ ಕರೆ ಮಾಡಿ.

ಗದಗ_ಮನೋವೈದ್ಯ

ಮರುಪರೀಕ್ಷೆಯ ಎರಡು ವಾರ ಉಳಿದುಹೋಯಿತು. ವ್ಯಕ್ತಿತ್ವದ ಮಾಪಕಕ್ಕೆ ಎರಡು ವಾರ ಸರಿ, ಸಾಯುವ ಯೋಚನೆ ಗಂಟೆಗಂಟೆಗೂ ಏರಿಳಿಯುತ್ತದೆ. 3ರಿಂದ 7 ದಿನ ಸಾಕು. ಮರಳಿ ಬಂದಾಗ ‘ಹೋದ ಸಲಕ್ಕಿಂತ ಮನಸ್ಸು ಹೇಗಿದೆ’ ಎಂದು ಕೇಳಿ, ಬದಲಾಗಿಲ್ಲ ಎಂದವರ ಮೇಲಷ್ಟೇ ಐಸಿಸಿ (ಎರಡು ಸಲದ ಅಂಕಗಳು ಎಷ್ಟು ತಾಳೆಯಾಗುತ್ತವೆ ಎಂಬ ಅಳತೆ) ಲೆಕ್ಕ ಹಾಕಿ. ಅಪಾಯ ಕಂಡವರನ್ನು ಮರುಪರೀಕ್ಷೆಗಾಗಿ ಕಾಯಿಸುವುದು ಸಲ್ಲದು. ಅವರಿಗೆ ಚಿಕಿತ್ಸೆ ಶುರುವಾಗಲಿ, ಮರುಪರೀಕ್ಷೆಯಿಂದ ಅವರ ಹೆಸರು ತೆಗೆಯಿರಿ, ತೆಗೆದದ್ದನ್ನು ವರದಿಯಲ್ಲಿ ಹೇಳಿ.

ಉತ್ತರ ಬಿಟ್ಟ ಪ್ರಶ್ನೆಗೆ ಸರಾಸರಿ ಅಂಕ ತುಂಬಬೇಡಿ. ನಾಲ್ಕನೆಯದನ್ನು ಬಿಟ್ಟವರು ಹೇಳಲು ಹಿಂಜರಿದಿರಬಹುದು. ಖಾಲಿ ಬಿಟ್ಟ ಫಾರ್ಮನ್ನೂ ‘ಮಾತಾಡಬೇಕಾದವರು’ ಎಂಬ ಕಟ್ಟಿಗೇ ಸೇರಿಸಿ.

ಸಪ್ತಾಪುರ_ಸಂಶೋಧಕಿ

ಯೋಜನೆಯನ್ನು ಬದಲಿಸಿ ಬರೆಯುತ್ತೇನೆ: ಕಾಲೇಜು ಬಿಟ್ಟು ಮೂರು ಜಿಲ್ಲೆಗಳ ಓಪಿಡಿ, ಎದುರಾಎದುರು ಸಂದರ್ಶನ, ಕಾಗ್ನಿಟಿವ್ ಸುತ್ತುಗಳು, ಅಂಕಕ್ಕೆ ಸೇರದ ಸುರಕ್ಷಾ ಪ್ರಶ್ನೆ, 400 ಜನ. ಇಷ್ಟಕ್ಕೆ ಒಂದೇ ವರ್ಷದಲ್ಲಿ ಮುಗಿಯುವಂತೆ ಕಾಣುವುದಿಲ್ಲ.

ಮಾಳಮಡ್ಡಿ_ಅಂಕಿಸಂಖ್ಯೆ

ಮುಗಿಯದಿದ್ದರೆ ಎರಡು ಭಾಗ ಮಾಡಿ. ಅನುವಾದ, ಸಮಿತಿ, ಕಾಗ್ನಿಟಿವ್ ಸುತ್ತುಗಳು ಒಂದು ಪ್ರಬಂಧಕ್ಕೆ ಸಾಕಷ್ಟು. ಕಟ್‌ಆಫ್ ಎರಡನೆಯದು. ಎರಡನೆಯದು ಮುಗಿಯುವವರೆಗೆ ಯಾವ ಆಸ್ಪತ್ರೆಗೂ ಫಾರ್ಮ್ ಹಂಚಬೇಡಿ, ಕೇಳಿದರೂ ಕೊಡಬೇಡಿ. ಫಾರ್ಮಿನ ಪ್ರತಿ ಪುಟದ ಕೆಳಗೆ ಆವೃತ್ತಿ ಸಂಖ್ಯೆ, ದಿನಾಂಕ, ‘ಪರೀಕ್ಷೆಯ ಹಂತದಲ್ಲಿದೆ, ಚಿಕಿತ್ಸೆಯ ನಿರ್ಧಾರಕ್ಕೆ ಬಳಸುವಂತಿಲ್ಲ’ ಎಂಬ ಸಾಲು ಅಚ್ಚಾಗಿರಲಿ. ಜೆರಾಕ್ಸ್ ಆಗಿ ಊರೂರು ಹೋದ ಮೇಲೆ ಹಳೆಯ ಆವೃತ್ತಿಯನ್ನು ಹಿಂದಕ್ಕೆ ತರಿಸಲು ಆಗುವುದಿಲ್ಲ.